ಮನಸ್ಸು ಅಳೆಯುವುದಾದರೆ ಕನ್ನಡದಲ್ಲಿ ಅಳೆಯಿರಿ

ತ್ಯಾಮಗೊಂಡ್ಲು ಕಡೆಯ ಹುಡುಗಿಯೊಬ್ಬಳು ಈಚೆಗೆ ನಮಗೆ ತನ್ನ ಫೋನ್ ತೋರಿಸಿದಳು. ಬಿ.ಕಾಂ. ಮುಗಿಸಿದ್ದಾಳೆ. ನೆಲಮಂಗಲದ ಹತ್ತಿರ ಗೋದಾಮೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಇಂಟರ್‌ವ್ಯೂಗೂ ಮೊದಲು ಒಂದು ಲಿಂಕ್ ಬಂತು. ಸೈಕೋಮೆಟ್ರಿಕ್ ಟೆಸ್ಟ್ ಅಂತೆ, ಎಲ್ಲ ಇಂಗ್ಲಿಷ್. ಅದರಲ್ಲೊಂದು ಪ್ರಶ್ನೆ: ಪಾರ್ಟಿಗಳಲ್ಲಿ ಅಪರಿಚಿತರ ಜೊತೆ ಬೆರೆಯುವುದು ನಿಮಗೆ ಇಷ್ಟವೇ? ನಮ್ಮೂರಲ್ಲಿ ಪಾರ್ಟಿ ಅಂದರೆ ಕಾಂಗ್ರೆಸ್, ಜೆಡಿಎಸ್, ಬಿಜೆಪಿ. ಅವಳು 'ಇಲ್ಲ' ಒತ್ತಿದಳು. ಮಾರನೇ ದಿನ 'ನೀವು ಆಯ್ಕೆಯಾಗಿಲ್ಲ' ಅಂತ ಮೆಸೇಜು. ಯಾಕೆ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಕಂಪನಿಗಳು ಈ ಟೆಸ್ಟ್ ಯಾಕೆ ಮಾಡುತ್ತವೆ? ಅಂಕಪಟ್ಟಿಯಲ್ಲಿ ಸ್ವಭಾವ ಕಾಣುವುದಿಲ್ಲ, ಕೆಲಸಕ್ಕೆ ಸೇರಿ ಮೂರೇ ತಿಂಗಳಿಗೆ ಬಿಟ್ಟು ಹೋದರೆ ನಷ್ಟ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರೆ ಶಿಫಾರಸು ನಡೆಯುವುದಿಲ್ಲ ಎನ್ನುತ್ತಾರೆ. ಸುಳ್ಳಲ್ಲ. ಜಾತಿ, ಪರಿಚಯ ನೋಡಿ ಕೆಲಸ ಕೊಡುವುದಕ್ಕಿಂತ ಟೆಸ್ಟ್ ಮೇಲು ಎಂದು ನಾವೂ ಒಪ್ಪುತ್ತೇವೆ.

ಆದರೆ ಹೇಳದ ಕಾರಣ ಇನ್ನೊಂದಿದೆ. ಹತ್ತು ಹುದ್ದೆಗೆ ನೂರಾರು ಅರ್ಜಿ ಬಂದಾಗ ಎಲ್ಲರನ್ನೂ ಕೂರಿಸಿ ಮಾತಾಡಿಸಲು ಎಚ್‌ಆರ್‌ಗೆ ಪುರುಸೊತ್ತಿಲ್ಲ. ಲಿಂಕ್ ಕಳಿಸಿದರೆ ಜರಡಿ ತಾನೇ ಹಿಡಿಯುತ್ತದೆ. ಯಾರಾದರೂ ಕೇಳಿದರೆ 'ಸಿಸ್ಟಮ್ ರಿಜೆಕ್ಟ್ ಮಾಡಿತು' ಎಂದು ಕೈ ತೊಳೆದುಕೊಳ್ಳಬಹುದು.

ಟೆಸ್ಟೇ ಬೇಡ ಎಂಬುದು ನಮ್ಮ ವಾದವಲ್ಲ. ರೈಲು ಓಡಿಸುವವರ ನೆನಪು, ಏಕಾಗ್ರತೆ, ದೂರದ ಅಂದಾಜು ಅಳೆಯಲೇಬೇಕು, ಸಾವಿರಾರು ಜೀವದ ಪ್ರಶ್ನೆ ಅದು. ಅದಕ್ಕೇ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ರೈಲ್ವೆ ಸಿಬಿಎಟಿ ಎಂಬ ಪರೀಕ್ಷೆ ಇಟ್ಟಿದೆ. ಅದರ ಪ್ರತಿ ಭಾಗದಲ್ಲೂ ಕನಿಷ್ಠ 42 ಟಿ-ಸ್ಕೋರ್ ಬರಬೇಕು. ಏನು ಅಳೆಯುತ್ತಾರೆ, ಎಷ್ಟು ಬರಬೇಕು ಎಲ್ಲ ಮೊದಲೇ ಗೊತ್ತು. ಆದರೆ ಅಲ್ಲೂ ತಪ್ಪಿದೆ. ಅದಕ್ಕೆ ಹಿಂದಿನ ಹಂತದ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆದು ಪಾಸಾದ ಹುಡುಗ ಸಿಬಿಎಟಿಗೆ ಕೂತರೆ ಪ್ರಶ್ನೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಅಲ್ಲಿ ಅಳೆಯುವುದು ಅವನ ಏಕಾಗ್ರತೆಯನ್ನೋ, ಹಿಂದಿಯನ್ನೋ?

ಕನ್ನಡದಲ್ಲಿ ಇಂಥ ಪರೀಕ್ಷೆ ಆಗದು ಎಂದು ಯಾರೂ ಹೇಳಬೇಡಿ. 1934ರಲ್ಲೇ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆದದ್ದು ಈಗ ಯಾಕೆ ಆಗುವುದಿಲ್ಲ?

ಅಮೆರಿಕದಲ್ಲೂ ಈ ಜಗಳ ನಡೆದಿದೆ. ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಒಳ್ಳೆಯ ಕೆಲಸಗಳಿಗೆ ಬುದ್ಧಿಪರೀಕ್ಷೆ ಇಟ್ಟಿತು. ಕಪ್ಪು ಕಾರ್ಮಿಕರು ಹೊರಗುಳಿದರು. ಅವರು ಕೋರ್ಟಿಗೆ ಹೋದರು. ಕೆಲಸಕ್ಕೆ ಸಂಬಂಧವಿಲ್ಲದ ಟೆಸ್ಟ್ ಇಟ್ಟು ಜನರನ್ನು ಹೊರಗಿಡುವಂತಿಲ್ಲ, ಉದ್ದೇಶ ಒಳ್ಳೆಯದಿತ್ತು ಎಂದರೆ ಸಾಲದು ಎಂದು 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಾವು ಕೇಳುವುದು ಮೂರೇ. ಪ್ರಶ್ನೆ ಕನ್ನಡದಲ್ಲೂ ಇರಲಿ. ಪ್ರಶ್ನೆಗೂ ಕೆಲಸಕ್ಕೂ ಸಂಬಂಧವಿರಲಿ. ರಿಜೆಕ್ಟ್ ಮಾಡಿದರೆ ಯಾಕೆ ಎಂದು ಒಬ್ಬ ಮನುಷ್ಯ ಹೇಳಲಿ.

ಲಿಂಕ್ ಬಂದವರಿಗೆ ಒಂದು ಮಾತು. ಅದರಲ್ಲಿ ಹೋಯಿತೆಂದು ನೀವು ದಡ್ಡರು, ನಿಮ್ಮ ಸ್ವಭಾವ ಸರಿಯಿಲ್ಲ ಎಂದುಕೊಳ್ಳಬೇಡಿ. ಅರ್ಥವಾಗದ ಪ್ರಶ್ನೆಗೆ ಕುರುಡಾಗಿ ಒತ್ತಬೇಡಿ, ಮನೆಯಲ್ಲೋ ಊರಲ್ಲೋ ಗೊತ್ತಿದ್ದವರನ್ನು ಅರ್ಥ ಕೇಳಿ. ಕನ್ನಡದಲ್ಲಿ ಕೊಡಿ ಎಂದು ಕಂಪನಿಗೆ ಮೇಲ್ ಹಾಕಿ. ಒಬ್ಬರು ಕೇಳಿದರೆ ಸುಮ್ಮನಿರುತ್ತಾರೆ, ನೂರು ಜನ ಕೇಳಿದರೆ ಯೋಚಿಸುತ್ತಾರೆ.

ದಾಬಸ್‌ಪೇಟೆ, ಸೋಂಪುರದ ಕಡೆ ಕೈಗಾರಿಕೆಗೆ ಜಮೀನು ಬೇಕೆಂದು ಬಂದವರು ನಮ್ಮ ಹಿರಿಯರ ಹತ್ತಿರ ಕನ್ನಡದಲ್ಲೇ ಮಾತಾಡಿದ್ದರು. ಜಮೀನು ಕೇಳುವಾಗ ಬಂದ ಕನ್ನಡ ಕೆಲಸ ಕೊಡುವಾಗ ಎಲ್ಲಿ ಹೋಯಿತು?