ಹಳೆಯ ಜೀಪಿಗೆ ಯಾವ ದೀಪ?

ಬೆಳಕು ಹೆಚ್ಚಿದಷ್ಟೂ ಒಳಿತು ಎಂಬ ನಂಬಿಕೆ ಜನಮನದಲ್ಲಿ ಆಳವಾಗಿ ಬೇರೂರಿದೆ. ಅಡುಗೆಮನೆಯ ದೀಪದ ಮಟ್ಟಿಗೆ ಈ ನಂಬಿಕೆಯಿಂದ ಹೇಳಿಕೊಳ್ಳುವಂತಹ ಕೇಡೇನೂ ಆಗದು. ಆದರೆ ಕತ್ತಲ ದಾರಿಯಲ್ಲಿ ಓಡುವ ವಾಹನದ ಹೆಡ್‌ಲೈಟಿಗೂ ಇದೇ ಅಳತೆಗೋಲನ್ನು ಹಿಡಿದರೆ ಒಬ್ಬನ ಅನುಕೂಲವು ಮತ್ತೊಬ್ಬನ ಪ್ರಾಣಕ್ಕೆ ಎರವಾಗಬಹುದು. ಹಳೆಯ ಜೀಪಿನಲ್ಲಿ ಹ್ಯಾಲೊಜನ್ ದೀಪವನ್ನೇ ಉಳಿಸಿಕೊಳ್ಳಬೇಕೋ ಅಥವಾ ಎಲ್‌ಇಡಿ ದೀಪವನ್ನು ಹಾಕಿಸಬೇಕೋ ಎಂಬ ಪ್ರಶ್ನೆಯನ್ನು ಅನೇಕ ಮಾಲೀಕರು ಇಂದು ಕೇಳುತ್ತಿದ್ದಾರೆ. ಮೇಲ್ನೋಟಕ್ಕೆ ಇದು ಅಂಗಡಿಯ ವ್ಯವಹಾರದಂತೆ ಕಾಣುತ್ತದೆ. ಆದರೆ ಇದರ ಬೇರು ಭೌತಶಾಸ್ತ್ರದಲ್ಲಿದೆ. ಇದರ ಫಲವನ್ನು ಉಣ್ಣುವವನು ಎದುರಿನಿಂದ ಬರುವ ದಾರಿಹೋಕ. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳ ಮುಂದೆ ಇಟ್ಟು ವಿಚಾರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಇಂಡಿ ತಾಲ್ಲೂಕಿನ ಭೀಮಾತೀರದ ಅಗರಖೇಡವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸುತ್ತಲೂ ಎರೆಭೂಮಿ. ಮಳೆಗಾಲದಲ್ಲಿ ಹೊಲದ ಹಾದಿ ರಾಡಿಯಾಗಿ ಗಾಲಿಗಳನ್ನು ಕಚ್ಚಿ ಹಿಡಿಯುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಹುಡಿಯಾಗಿ ಏಳುತ್ತದೆ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ದೊರೆಯುವ ಹಳೆಯ ಜೀಪು ಇಂತಹ ಹಾದಿಗೆ ಇಂದಿಗೂ ಒದಗುವ ವಾಹನ. ಅದು ರಾತ್ರಿ ಸಂಚರಿಸುವಾಗ ಎದುರಿಗೆ ಬರುವವರು ಯಾರು? ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳು, ದೀಪವೇ ಇಲ್ಲದ ಚಕ್ಕಡಿಗಳು, ಮೋಟಾರುಸೈಕಲ್ಲಿನ ಮೇಲೆ ಮೂವರು, ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬಂದಾಗ ಪಂಪು ಹಚ್ಚಲು ಕೈಯಲ್ಲಿ ಬ್ಯಾಟರಿ ಹಿಡಿದು ನಡೆಯುವ ರೈತ. ಈ ಚಿತ್ರವನ್ನು ಕಣ್ಣ ಮುಂದಿಟ್ಟುಕೊಂಡೇ ನಾವು ದೀಪಗಳ ಗುಣಾವಗುಣಗಳನ್ನು ತೂಗಬೇಕು.

ಮೊದಲು ಹ್ಯಾಲೊಜನ್ ದೀಪ. ಇದು ಹಳೆಯ ತಂತಿದೀಪದ ಸುಧಾರಿತ ರೂಪ. ಟಂಗ್‌ಸ್ಟನ್ ತಂತುವನ್ನು ವಿದ್ಯುತ್ತಿನಿಂದ ಕಾಯಿಸಿದರೆ ಅದು ಬೆಳಗುತ್ತದೆ. ಜೊತೆಗೆ ಅದರ ಪರಮಾಣುಗಳು ಮೆಲ್ಲಮೆಲ್ಲನೆ ಆವಿಯಾಗಿ ಗಾಜಿಗೆ ಮಸಿ ಹಿಡಿಸುತ್ತವೆ. ಬುರುಡೆಯೊಳಗೆ ಅಯೊಡೀನ್ ಅಥವಾ ಬ್ರೋಮೀನ್‌ನಂತಹ ಹ್ಯಾಲೊಜನ್ ಅನಿಲವನ್ನು ಕೊಂಚ ಸೇರಿಸಿದರೆ ಅದು ಆವಿಯಾದ ಟಂಗ್‌ಸ್ಟನ್ನಿನೊಡನೆ ಕೂಡಿ, ಮರಳಿ ಕಾದ ತಂತುವಿನ ಬಳಿಗೆ ಬಂದು ಲೋಹವನ್ನು ಅಲ್ಲಿಯೇ ಬಿಡುತ್ತದೆ. ಹೀಗಾಗಿ ಗಾಜು ಶುಭ್ರವಾಗಿ ಉಳಿಯುತ್ತದೆ. ತಂತುವನ್ನು ಇನ್ನಷ್ಟು ಕಾಯಿಸಲು ಸಾಧ್ಯವಾಗುತ್ತದೆ. 1962ರಲ್ಲಿ ಯೂರೋಪಿನ ಮೋಟಾರುಗಳಲ್ಲಿ ಈ ದೀಪ ಬಳಕೆಗೆ ಬಂದಿತು. ಒಂದೇ ಬುರುಡೆಯಲ್ಲಿ ಎರಡು ತಂತುಗಳಿರುವ ಎಚ್4 ಬಲ್ಬು 1971ರಲ್ಲಿ ಬಂದಿತು. ನಮ್ಮ ಹಳೆಯ ಜೀಪುಗಳ ಏಳು ಅಂಗುಲದ ದುಂಡು ದೀಪದಲ್ಲಿ ಇಂದು ಕೂರುವುದು ಬಹುಮಟ್ಟಿಗೆ ಇದೇ ಬಲ್ಬು. ಇದರ ದೂರದ ಬೆಳಕಿಗೆ 60 ವಾಟು, ಡಿಪ್ಪರಿಗೆ 55 ವಾಟು. 13.2 ವೋಲ್ಟು ದೊರೆತಾಗ ಇವುಗಳಿಂದ ಬರಬೇಕಾದ ಬೆಳಕು ಕ್ರಮವಾಗಿ 1650 ಮತ್ತು 1000 ಲ್ಯೂಮೆನ್ ಎಂದು ಅಂತರರಾಷ್ಟ್ರೀಯ ಮಾನದಂಡ ನಿಗದಿಪಡಿಸಿದೆ.

ಎಲ್‌ಇಡಿಯ ಕುಲವೇ ಬೇರೆ. ಇಲ್ಲಿ ಕಾಯುವ ತಂತುವಿಲ್ಲ. ಅರೆವಾಹಕದ ಸಂಧಿಯಲ್ಲಿ ಎಲೆಕ್ಟ್ರಾನು ತನ್ನ ಶಕ್ತಿಯನ್ನು ನೇರವಾಗಿ ಬೆಳಕಿನ ರೂಪದಲ್ಲಿ ಹೊರಗೆಡಹುತ್ತದೆ. ಕೆಂಪು ಬೆಳಕಿನ ಎಲ್‌ಇಡಿ 1962ರಷ್ಟು ಹಿಂದೆಯೇ ಸಿದ್ಧವಾಗಿದ್ದರೂ ಪ್ರಖರವಾದ ನೀಲಿ ಎಲ್‌ಇಡಿಗಾಗಿ ಜಗತ್ತು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಪಾರಿತೋಷಕ ಸಂದಿತು. ನೀಲಿ ಬೆಳಕಿನ ಒಂದಂಶವನ್ನು ಹಳದಿಯಾಗಿ ಮಾರ್ಪಡಿಸುವ ಲೇಪವನ್ನು ಬಳಿದರೆ ಎರಡೂ ಕೂಡಿ ಬಿಳಿಯ ಬೆಳಕಾಗುತ್ತದೆ. ಹ್ಯಾಲೊಜನ್ ದೀಪವು ವಾಟಿಗೆ ಇಪ್ಪತ್ತರ ಆಸುಪಾಸು ಲ್ಯೂಮೆನ್ ಕೊಟ್ಟರೆ ಒಳ್ಳೆಯ ಎಲ್‌ಇಡಿ ನೂರನ್ನು ದಾಟುತ್ತದೆ.

ಎಲ್‌ಇಡಿಯ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಹೊಲದ ಹಾದಿಯ ಕುಲುಕಾಟಕ್ಕೆ ತುಂಡಾಗಬಲ್ಲ ತಂತು ಅದರಲ್ಲಿಲ್ಲ. ಕಡಮೆ ವಿದ್ಯುತ್ತಿನಲ್ಲಿ ಬೆಳಗುವುದರಿಂದ ಹಳೆಯ ಡೈನಮೋ ಹಾಗೂ ಬ್ಯಾಟರಿಗಳ ಮೇಲಿನ ಭಾರ ಇಳಿಯುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ನೀಲಿಯ ಕಡೆಗೆ ಹೆಚ್ಚು ಸೂಕ್ಷ್ಮವಾಗುತ್ತದೆಂಬುದನ್ನು 19ನೆಯ ಶತಮಾನದಲ್ಲಿ ಪುರ್ಕಿಂಜೆ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಆದುದರಿಂದ ದಾರಿಯ ಅಂಚಿನಲ್ಲಿ ನಿಂತ ಎತ್ತನ್ನೋ ಮನುಷ್ಯನನ್ನೋ ಗುರುತಿಸಲು ಬಿಳಿಯ ಬೆಳಕು ಒಂದಿಷ್ಟು ನೆರವಾಗುವುದುಂಟು. ಇಷ್ಟೆಲ್ಲ ನಿಜ. ಹಾಗಿದ್ದರೆ ತೊಡಕು ಎಲ್ಲಿದೆ?

ತೊಡಕಿರುವುದು ಬೆಳಕು ಹುಟ್ಟುವಲ್ಲಿ ಅಲ್ಲ, ಅದು ಹರಡುವಲ್ಲಿ. ಹೆಡ್‌ಲೈಟು ಎಂದರೆ ಬರಿಯ ಬಲ್ಬಲ್ಲ. ಬಲ್ಬು, ಪ್ರತಿಫಲಕ, ಮುಂದಿನ ಗಾಜು ಇವು ಮೂರೂ ಕೂಡಿದ ಒಂದು ದ್ಯುತಿಯಂತ್ರ. ಪರವಲಯಾಕಾರದ ಪ್ರತಿಫಲಕದ ನಾಭಿಯಲ್ಲಿಟ್ಟ ಬೆಳಕಿನ ಬಿಂದುವಿನಿಂದ ಹೊರಟ ಕಿರಣಗಳು ಸಮಾನಾಂತರವಾಗಿ ಸಾಗುತ್ತವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಎಚ್4 ಬಲ್ಬಿನಲ್ಲಿ ದೂರದ ಬೆಳಕಿನ ತಂತು ನಾಭಿಯ ಬಳಿ ಇರುತ್ತದೆ. ಡಿಪ್ಪರಿನ ತಂತು ಅದಕ್ಕಿಂತ ತುಸು ಮುಂದಿದ್ದು, ಅದರ ಕೆಳಗೆ ಲೋಹದ ಒಂದು ಪುಟ್ಟ ದೊನ್ನೆ ಇರುತ್ತದೆ. ಈ ದೊನ್ನೆಯು ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ಬೀಳದಂತೆ ತಡೆಯುವುದರಿಂದ, ಎದುರಿನವನ ಕಣ್ಣಿಗೆ ಏರಬಹುದಾಗಿದ್ದ ಕಿರಣಗಳು ಹುಟ್ಟುವುದೇ ಇಲ್ಲ. ಕೆಲವೇ ಮಿಲಿಮೀಟರು ಉದ್ದದ ತಂತುವಿನ ಸ್ಥಾನದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಇಂತಹ ಪ್ರತಿಫಲಕದಿಂದ ಹ್ಯಾಲೊಜನ್ ಬಲ್ಬನ್ನು ಕಿತ್ತು, ಪೇಟೆಯಲ್ಲಿ ಸಿಕ್ಕ ಎಲ್‌ಇಡಿ ಬಲ್ಬನ್ನು ತುರುಕಿದರೆ ಏನಾಗುತ್ತದೆ? ಅದು ಸುತ್ತಲೂ ಸಮನಾಗಿ ಬೆಳಗುವ ತಂತುವಲ್ಲ. ಎರಡು ಚಪ್ಪಟೆ ಮೈಗಳಿಂದ ಅತ್ತಿತ್ತ ಬೆಳಕು ಚೆಲ್ಲುವ ಸಾಧನ. ಅದರ ಬೆಳಗುವ ಭಾಗದ ಅಳತೆ, ಸ್ಥಾನ, ದಿಕ್ಕು ಇವು ತಂತುವಿನವುಗಳಿಗೆ ತಾಳೆಯಾಗದಿದ್ದರೆ ಡಿಪ್ಪರಿನ ಸ್ಪಷ್ಟ ಗಡಿ ಅಳಿಸಿಹೋಗುತ್ತದೆ. ಚಾಲಕನಿಗೆ ಹತ್ತಿರದ ನೆಲ ಥಳಥಳಿಸಿ ಕಾಣುತ್ತದೆ. ಅವನು ಸಂತೋಷಪಡುತ್ತಾನೆ; ಎದುರಿನವನು ಕುರುಡಾಗುತ್ತಾನೆ.

ಬಲ್ಬಿನ ಬದಲಾವಣೆ ಸರ್ವಥಾ ಅಸಾಧ್ಯವೆಂದು ನಾವು ಹೇಳುವುದಿಲ್ಲ. 2020ರಲ್ಲಿ ಜರ್ಮನಿಯು ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ನೀಡಿತು. ಆದರೆ ಆ ಅನುಮತಿ ಬಲ್ಬಿಗೆ ಮಾತ್ರ ಸಂದದ್ದಲ್ಲ. ಇಂತಹ ವಾಹನದ ಇಂತಹ ದೀಪದಲ್ಲಿ ಪರೀಕ್ಷಿಸಿ ನೋಡಿದ ಜೋಡಿಗೆ ಸಂದದ್ದು. ಪರೀಕ್ಷೆಯ ಸುಳಿವೇ ಇಲ್ಲದ ಬಲ್ಬಿನ ಡಬ್ಬಿಯ ಮೇಲೆ ಎಷ್ಟು ಸಾವಿರ ಲ್ಯೂಮೆನ್ನುಗಳನ್ನು ಮುದ್ರಿಸಿದ್ದರೂ ಅದರಿಂದ ನಮಗೆ ತಿಳಿಯುವುದು ಸೊನ್ನೆ.

ಇನ್ನು ಲ್ಯೂಮೆನ್ನುಗಳ ಮೋಹವನ್ನೇ ಗಣಿತಕ್ಕೆ ಒಡ್ಡೋಣ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆದಕಾರಣ ದೀಪವನ್ನು ಇಮ್ಮಡಿ ಪ್ರಖರಗೊಳಿಸಿದರೆ 50 ಮೀಟರು ದೂರದಲ್ಲಿ ಬೀಳುತ್ತಿದ್ದ ಬೆಳಕು 71 ಮೀಟರಿಗೆ ತಲುಪುತ್ತದೆಯೇ ಹೊರತು 100 ಮೀಟರಿಗಲ್ಲ. ಇತ್ತ ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಸೆಕೆಂಡಿಗೆ 16.7 ಮೀಟರು ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 25 ಮೀಟರು ಆಯಿತು. ಸಡಿಲ ಮಣ್ಣಿನ ದಾರಿಯಲ್ಲಿ ವೇಗವು ಪ್ರತಿ ಸೆಕೆಂಡಿಗೆ 4 ಮೀಟರಿನಷ್ಟು ಇಳಿಯುತ್ತದೆಂದು ಹಿಡಿದರೆ ನಿಲ್ಲಲು ಮತ್ತೆ 35 ಮೀಟರು ಬೇಕು. ಒಟ್ಟು 60 ಮೀಟರು. ವೇಗವನ್ನು 40ಕ್ಕೆ ಇಳಿಸಿದರೆ ಇದು 32 ಮೀಟರಿಗೆ ಇಳಿಯುತ್ತದೆ. ಯಾವ ದೀಪವೂ ಮಾಡಿಕೊಡಲಾರದ ಉಪಕಾರವನ್ನು ಕಾಲ ಕೆಳಗಿನ ಬ್ರೇಕು ಬಿಡಿಗಾಸಿನ ವೆಚ್ಚವಿಲ್ಲದೆ ಮಾಡಿಕೊಡುತ್ತದೆ.

ಹಳೆಯ ಜೀಪಿನ ದೀಪ ಮಂಕಾಗಿರುವುದಕ್ಕೆ ಹ್ಯಾಲೊಜನ್ ಬಲ್ಬನ್ನೇ ದೂರುವುದು ವಾಡಿಕೆ. ಆದರೆ ಅನೇಕ ವೇಳೆ ಅಪರಾಧಿ ಬೇರೆ ಇರುತ್ತಾನೆ. ಎರಡು ದೀಪಗಳಿಗೂ ಕೂಡಿ ಸುಮಾರು 10 ಆಂಪಿಯರು ವಿದ್ಯುತ್ತು ಹರಿಯಬೇಕು. ಕಿಲುಬು ಹಿಡಿದ ಜೋಡಣೆ, ಸವೆದ ಸ್ವಿಚ್ಚು, ತೆಳುವಾದ ವಯರು ಇವುಗಳ ರೋಧ ಒಟ್ಟಾಗಿ 0.13 ಓಮ್ ಆದರೂ ಸಾಕು, 1.3 ವೋಲ್ಟು ದಾರಿಯಲ್ಲಿಯೇ ನಷ್ಟವಾಗುತ್ತದೆ. ತಂತಿದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ನೂರಕ್ಕೆ ಹತ್ತರಷ್ಟು ವೋಲ್ಟೇಜು ಕುಗ್ಗಿದರೆ ನೂರಕ್ಕೆ ಮೂವತ್ತರಷ್ಟು ಬೆಳಕು ಕುಗ್ಗುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪನೆಯ ವಯರು ಎಳೆದು, ನಡುವೆ ಫ್ಯೂಸು ಮತ್ತು ರಿಲೇ ಕೂರಿಸಿ, ದೀಪದ ಅರ್ಥಿಂಗನ್ನು ಉಜ್ಜಿ ಬಿಗಿಗೊಳಿಸಿದರೆ ಕಳೆದುಹೋದ ಬೆಳಕು ಮರಳಿ ಬರುತ್ತದೆ. ಇದನ್ನು ಮಾಡದೆ 100 ವಾಟಿನ ಬಲ್ಬು ಹಾಕುವವರೂ ಉಂಟು. ಆಗ ಅದೇ ವಯರಿನಲ್ಲಿ ಹುಟ್ಟುವ ಶಾಖ ಎರಡೂವರೆ ಪಟ್ಟನ್ನೂ ಮೀರುತ್ತದೆ. ಹೋಲ್ಡರು ಕರಗುವುದು ಅಚ್ಚರಿಯಲ್ಲ. ಪ್ರತಿಫಲಕದ ಹೊಳಪು ಮಾಸಿದ್ದರೆ ಅಥವಾ ಗಾಜಿನ ಮೇಲೆ ಹುಡಿ ಮೆತ್ತಿದ್ದರೆ ಎಂತಹ ಬಲ್ಬು ಹಾಕಿಯೂ ಫಲವಿಲ್ಲ.

ಹುಡಿಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಚಳಿ ದೇಶಗಳಲ್ಲಿ ಎಲ್‌ಇಡಿಯ ಮೇಲಿರುವ ದೂರು, ಅದರ ಗಾಜು ಬಿಸಿಯಾಗದೆ ಹಿಮ ಕರಗುವುದಿಲ್ಲವೆಂಬುದು. ನಮ್ಮ ನಾಡಿಗೆ ಅದು ಸಲ್ಲದು. ನಮಗೆ ಸಲ್ಲುವ ದೂರು ಬೇರೆ. ಎಲ್‌ಇಡಿಯು ಬಳಸುವ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಅದರ ಬೆನ್ನಿನಲ್ಲಿ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಬೇಕಾದ ಪುಟ್ಟ ಫ್ಯಾನಿಗೆ ಎರೆಯ ನುಣ್ಣನೆಯ ಹುಡಿ ಮುತ್ತಿದರೆ, ಬೇಸಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಈ ಪ್ರದೇಶದಲ್ಲಿ ಸಂಧಿ ಕಾದು ಬೆಳಕು ಕುಂದುತ್ತದೆ, ಆಯುಷ್ಯ ತಗ್ಗುತ್ತದೆ. ಆದುದರಿಂದ ಫ್ಯಾನಿಲ್ಲದೆ, ಭದ್ರವಾಗಿ ಮುಚ್ಚಿದ, ಲೋಹದ ರೆಕ್ಕೆಗಳುಳ್ಳ ದೀಪವೇ ಮೇಲು. ಹಳದಿ ಬೆಳಕು ಹುಡಿಯನ್ನು ಸೀಳಿಕೊಂಡು ಹೋಗುತ್ತದೆಂಬ ಮಾತನ್ನೂ ಕೇಳುತ್ತೇವೆ. ಹುಡಿಯ ಕಣಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವಾದುದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಒಂದೇ ರೀತಿಯಲ್ಲಿ ಚೆದರಿಸುತ್ತವೆ. ಅಲ್ಲಿಯೂ ಮುಖ್ಯವಾದದ್ದು ಬಣ್ಣವಲ್ಲ, ಬೆಳಕನ್ನು ತಗ್ಗಿಸಿ ನೆಲಕ್ಕೆ ಹಿಡಿಯುವುದು.

ಈ ಎಲ್ಲವನ್ನೂ ವಿಚಾರಿಸಿದಾಗ ನಮ್ಮ ಅಭಿಪ್ರಾಯ ಹೀಗೆ ನಿಲ್ಲುತ್ತದೆ. ಮೊದಲು ವಯರಿಂಗು, ಪ್ರತಿಫಲಕ, ಗಾಜುಗಳನ್ನು ಸರಿಪಡಿಸಿ, ಕೆಲವು ನೂರು ರೂಪಾಯಿಗೆ ದೊರೆಯುವ ಒಳ್ಳೆಯ ಹ್ಯಾಲೊಜನ್ ಬಲ್ಬನ್ನು ಹಾಕಿ ನೋಡಬೇಕು. ಬಹುಪಾಲು ಜೀಪುಗಳಿಗೆ ಇಷ್ಟೇ ಸಾಕು. ದಾರಿಯಲ್ಲಿ ಬಲ್ಬು ಸುಟ್ಟರೂ ಇಂಡಿಯಲ್ಲೋ ಸಿಂದಗಿಯಲ್ಲೋ ಬದಲಿ ಸಿಗುತ್ತದೆ. ಎಲ್‌ಇಡಿ ಬೇಕೇಬೇಕೆಂದಾದರೆ ಬಲ್ಬನ್ನಲ್ಲ, ಎಲ್‌ಇಡಿಗೆಂದೇ ರಚಿಸಿದ ಇಡೀ ದೀಪವನ್ನು ಕೊಳ್ಳಬೇಕು. ಅದರ ಗಾಜಿನ ಮೇಲೆ ವರ್ತುಲದೊಳಗೆ ರೋಮನ್ ಲಿಪಿಯ ‘ಇ’ ಅಕ್ಷರ ಮತ್ತು ಅಂಕೆ ಇವೆಯೇ ಎಂದು ನೋಡಬೇಕು. ಅದು ಅಂತರರಾಷ್ಟ್ರೀಯ ಪರೀಕ್ಷೆಯ ಗುರುತು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ನಾವು ರಸ್ತೆಯ ಎಡಕ್ಕೆ ಚಲಿಸುವವರು, ಅಮೆರಿಕದವರು ಬಲಕ್ಕೆ. ಅವರ ಜೀಪಿಗೆಂದು ಮಾಡಿದ ದೀಪದ ಬೆಳಕು ಬಲ ಅಂಚಿನ ಕಡೆಗೆ ಮೇಲೇರಿರುತ್ತದೆ. ನಮ್ಮಲ್ಲಿ ಆ ಕಡೆ ಇರುವುದು ಎದುರಿನವನ ಕಣ್ಣು.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಶಾಲೆಯ ಗೋಡೆ ಸಾಕು. ಸಮತಟ್ಟಾದ ನೆಲದಲ್ಲಿ ಜೀಪನ್ನು ಗೋಡೆಯಿಂದ 10 ಮೀಟರು ದೂರ ನಿಲ್ಲಿಸಿ ಡಿಪ್ಪರ್ ಹಾಕಿರಿ. ದೀಪದ ಮಧ್ಯಬಿಂದು ನೆಲದಿಂದ 90 ಸೆಂಟಿಮೀಟರು ಇದ್ದರೆ, ಗೋಡೆಯ ಮೇಲೆ ಬೆಳಕಿನ ಗಡಿ 80 ಸೆಂಟಿಮೀಟರಿನಲ್ಲಿ ಕಾಣಬೇಕು; ಎಡಕ್ಕೆ ಮಾತ್ರ ತುಸು ಏರಬೇಕು. ಗಡಿಯೇ ಕಾಣದಿದ್ದರೆ ಆ ದೀಪ ರಸ್ತೆಗೆ ಯೋಗ್ಯವಲ್ಲ. ಜೀಪಿನ ಹಿಂಬದಿಗೆ ಚೀಲಗಳನ್ನು ಹೇರಿದಾಗ ಮೂತಿ ಒಂದೇ ಡಿಗ್ರಿ ಮೇಲೆದ್ದರೂ ಅದೇ ಗಡಿ ದೀಪದ ಎತ್ತರವನ್ನು ದಾಟುತ್ತದೆಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಎದುರಿನವನು ಕಣ್ಣು ಕುಕ್ಕುವ ದೀಪ ಹಾಕಿರುವಾಗ ನಾವೊಬ್ಬರೇ ನೇಮ ಪಾಲಿಸಿ ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಈ ವಾದವನ್ನು ಇಬ್ಬರೂ ಹಿಡಿದರೆ ಇಬ್ಬರೂ ಕುರುಡರಾಗಿ ಒಂದೇ ರಸ್ತೆಯಲ್ಲಿ ಎದುರುಬದುರಾಗುತ್ತಾರೆ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಕಣ್ಣು ಮೂರು ಸೆಕೆಂಡು ಮಂಜಾದರೆ 33 ಮೀಟರು ಕಾಣದೆಯೇ ಕಳೆದುಹೋಗುತ್ತದೆ. ಆ 33 ಮೀಟರಿನೊಳಗೆ ಹಿಂದೀಪವಿಲ್ಲದ ಕಬ್ಬಿನ ಟ್ರೇಲರು ನಿಂತಿರಬಹುದು. ಲಾರಿಗಳ ಬೆನ್ನಿನ ಮೇಲೆ ರಾತ್ರಿ ಡಿಪ್ಪರ್ ಬಳಸಿರೆಂದು ಬರೆಯಿಸುವ ರೂಢಿ ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ಓದು ಬಾರದ ಚಾಲಕನೂ ಬಲ್ಲ ಆ ನೀತಿಯನ್ನು ಹೊಸ ದೀಪದ ಹೊಳಪಿನಲ್ಲಿ ನಾವು ಮರೆಯಬಾರದು. ಒಳ್ಳೆಯ ದೀಪವೆಂದರೆ ನಮಗೆ ದಾರಿಯನ್ನು ತೋರಿಸಿ, ಎದುರಿನವನಿಗೂ ಅವನ ದಾರಿಯನ್ನು ಉಳಿಸುವ ದೀಪ. ತಮ್ಮ ಮನೆಯಲ್ಲಿ ಜೀಪೋ ಟ್ರ್ಯಾಕ್ಟರೋ ಇರುವ ವಿದ್ಯಾರ್ಥಿಗಳು ಇಂದು ಸಂಜೆಯೇ ಅದನ್ನು ಗೋಡೆಯ ಮುಂದೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ಬೆಳಕಿನ ಗಡಿಯನ್ನು ಗುರುತಿಸಲಿ.