ಭೇದಿಗುಳಿಗೆಗಳ ದುರುಪಯೋಗ

ವಿರೇಚನವನ್ನು ನಮ್ಮ ಪ್ರಾಚೀನ ವೈದ್ಯರು ಪಂಚಕರ್ಮಗಳಲ್ಲೊಂದಾಗಿ ಎಣಿಸಿ, ಅದಕ್ಕೆ ಕಾಲವನ್ನೂ ಪ್ರಮಾಣವನ್ನೂ ಗೊತ್ತುಪಡಿಸಿದ್ದರು. ಉಂಡ ಅನ್ನವು ಮೈಗೆ ಹತ್ತದಿರಲೆಂದು ಗುಪ್ತವಾಗಿ, ಮಿತಿಯಿಲ್ಲದೆ ಭೇದಿಗುಳಿಗೆಗಳನ್ನು ನುಂಗುವ ಪದ್ಧತಿಯು ಅವರ ಕಲ್ಪನೆಗೂ ಬಂದಿರಲಾರದು. ಆಹಾರಸಂಬಂಧವಾದ ಮನೋರೋಗಗಳಿಗೆ ತುತ್ತಾದ ತರುಣಿಯರಲ್ಲಿಯೂ, ತರುಣರಲ್ಲಿಯೂ, ಈ ಅಭ್ಯಾಸವು ಇಂದು ಕಂಡುಬರುತ್ತಿದೆ. ಬ್ರಿಟನ್ನಿನ ಔಷಧ ನಿಯಂತ್ರಣಾಧಿಕಾರಿಗಳು 2020ರ ಆಗಸ್ಟಿನಲ್ಲಿ ಇದಕ್ಕಾಗಿಯೇ ಕಟ್ಟಳೆಯೊಂದನ್ನು ಮಾಡಬೇಕಾಯಿತು. ಕರುಳನ್ನು ಉದ್ರೇಕಿಸುವ ಸೋನಾಮುಖಿ, ಬಿಸಕೋಡಿಲ್ ಮೊದಲಾದವುಗಳ ಸಾಧಾರಣ ಗುಳಿಗೆಗಳು ಸಾಮಾನ್ಯ ಅಂಗಡಿಗಳಲ್ಲಿ 20ಕ್ಕೆ ಮೀರದ ಪೊಟ್ಟಣಗಳಲ್ಲಿ, 18 ವರ್ಷ ತುಂಬಿದವರ ಉಪಯೋಗಕ್ಕೆ ಮಾತ್ರ ದೊರೆಯತಕ್ಕದ್ದು. ದೊಡ್ಡ ಪೊಟ್ಟಣಗಳ ಮಾರಾಟವು ಔಷಧಶಾಸ್ತ್ರಜ್ಞರ ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕದ್ದು. (ಆ ಸೋನಾಮುಖಿಗೆ ಲೋಕದ ಪೇಟೆಗಳಲ್ಲಿ ನಮ್ಮ ನೆರೆಯ ತಿರುನೆಲ್ವೇಲಿಯ ಹೆಸರೇ ಅಂಟಿಕೊಂಡಿದೆಯೆಂಬುದನ್ನು ವಾಚಕರು ಬಲ್ಲರು.)

ಕಟ್ಟಳೆಯು ಯುಕ್ತವಾದುದೇ ಸರಿ. ಆದರೆ ರೋಗಿಯ ಭ್ರಾಂತಿಯನ್ನು ಕಟ್ಟಳೆಯು ತೊಡೆಯಲಾರದು. ಅನ್ನದ ಸಾರವು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿಯೇ ರಕ್ತಗತವಾಗಿ ಹೋಗುತ್ತದೆ. ಈ ಗುಳಿಗೆಗಳು ಕೆಲಸ ಮಾಡುವುದು ಅದರಾಚೆಯ ದೊಡ್ಡ ಕರುಳಿನಲ್ಲಿ. 1983ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಪರೀಕ್ಷೆಯಲ್ಲಿ, ವಿಪರೀತ ಭೇದಿಯಾದಾಗಲೂ ಆಹಾರಶಕ್ತಿಯಲ್ಲಿ ನಷ್ಟವಾದುದು ಸುಮಾರು ನೂರಕ್ಕೆ 12 ಪಾಲು ಮಾತ್ರ. ತಕ್ಕಡಿಯಲ್ಲಿ ಇಳಿದಂತೆ ತೋರುವ ತೂಕವು ನೀರಿನ ತೂಕ. ಅದರೊಡನೆ ಪೊಟ್ಯಾಸಿಯಂ ಲವಣವೂ ಹೊರಟುಹೋಗುವುದರಿಂದ ಹೃದಯದ ಬಡಿತವು ತಾಳತಪ್ಪಿ ಪ್ರಾಣಕ್ಕೇ ಸಂಚಕಾರವುಂಟು.

ಚಿಕಿತ್ಸೆಯ ಕಠಿನವಾದ ಘಟ್ಟವು ಗುಳಿಗೆಯನ್ನು ಬಿಟ್ಟ ಮೇಲೆ ಬರುತ್ತದೆ. ಬಹುಕಾಲ ನೀರನ್ನು ಕಳೆದುಕೊಂಡ ದೇಹವು ಉಪ್ಪನ್ನೂ ನೀರನ್ನೂ ಬಿಗಿಹಿಡಿಯಲು ಕಲಿತಿರುತ್ತದೆ. ಆದುದರಿಂದ ಕಾಲು ಬಾತು, ಹೊಟ್ಟೆ ಉಬ್ಬಿ, ತೂಕವು ಥಟ್ಟನೆ ಏರುತ್ತದೆ. ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಇಳಿದುಹೋಗುವ ಈ ಬಾವನ್ನು, ಮೊದಲೇ ತಿಳಿಸದಿದ್ದರೆ, ರೋಗಿಯು ಕೊಬ್ಬೆಂದೇ ಬಗೆದು ಮರಳಿ ಗುಳಿಗೆಗೆ ಕೈಚಾಚುವಳು. ಇಂಗ್ಲೆಂಡಿನ 2017ರ ಚಿಕಿತ್ಸಾಸೂತ್ರಗಳು, ಗುಳಿಗೆಯಿಂದ ಮೈ ಇಳಿಯದೆಂಬುದನ್ನು ತಿಳಿಯಹೇಳಿ ಅದನ್ನು ಕ್ರಮಕ್ರಮವಾಗಿ ಬಿಡಿಸಬೇಕೆಂದು ವಿಧಿಸಿರುವುದು ವಿವೇಕದ ಮಾತು. ರಕ್ತದ ಲವಣಪರೀಕ್ಷೆ, ಸಾಕಷ್ಟು ನೀರು, ನಾರುಳ್ಳ ಊಟ ಇವುಗಳೊಡನೆ ಮೂಲರೋಗಕ್ಕೆ ಮಾನಸಚಿಕಿತ್ಸೆಯೂ ನಡೆಯಬೇಕು. ಮನೆಯ ಹಿರಿಯರು ಗದರಿಸಿ ಪೊಟ್ಟಣವನ್ನು ಕಸಿದುಕೊಂಡರೆ ರೋಗವು ಇನ್ನಷ್ಟು ಗುಟ್ಟಾಗುವುದಲ್ಲದೆ ವಾಸಿಯಾಗದು.

ನಮ್ಮ ಊರುಗಳ ಗ್ರಂಥಿಗೆ ಅಂಗಡಿಗಳಲ್ಲಿ ಸೋನಾಮುಖಿಯನ್ನು ಕೊಳ್ಳುವವರ ವಯಸ್ಸನ್ನು ಕೇಳುವವರಿಲ್ಲ. ಗಿಡಮೂಲಿಕೆಯಾದುದರಿಂದ ಅದು ನಿರಪಾಯವೆಂಬ ನಂಬಿಕೆಯೂ ಬಲವಾಗಿದೆ. ನಿತ್ರಾಣವೆಂದೋ ಮಲಬದ್ಧತೆಯೆಂದೋ ಬರುವ ತರುಣಿಯನ್ನು, ದಿನಕ್ಕೆಷ್ಟು ಗುಳಿಗೆ, ಯಾವ ಉದ್ದೇಶಕ್ಕೆ, ಎಂದು ಅವಳೊಬ್ಬಳೇ ಇರುವಾಗ ಮೆಲ್ಲನೆ ವಿಚಾರಿಸುವ ವಾಡಿಕೆಯು ನಮ್ಮ ಚಿಕಿತ್ಸಾಲಯಗಳಲ್ಲಿ ಎಷ್ಟರಮಟ್ಟಿಗಿದೆಯೆಂಬುದನ್ನು ಆರೋಗ್ಯ ಇಲಾಖೆಯವರು ಪರಿಶೀಲಿಸಬೇಕೆಂದು ನಾವು ಕೋರುತ್ತೇವೆ.