ಗೋಡೆ ಸಿಡಿಸೋ ಹುಡುಗನ ತಲೆಗೆ ಯಾರು ಜವಾಬ್ದಾರಿ?

ಪೋಸ್ಟ್ ಉದ್ದ ಇದೆ. ಮನೇಲಿ ಅಗ್ನಿವೀರ್ ರ‍್ಯಾಲಿಗೆ ತಯಾರಾಗ್ತಿರೋ ಮಗನೋ ತಮ್ಮನೋ ಇದ್ರೆ ಪೂರ್ತಿ ಓದಿ.

ಬೊಮ್ಮನಹಳ್ಳಿಯ ನಮ್ಮ ಕಾಲೊನಿಯಲ್ಲಿ ಬೆಳಗಿನ ಜಾವ ಐದಕ್ಕೇ ಹುಡುಗರು ಎದ್ದು ಓಡೋಕೆ ಹೋಗ್ತಾರೆ. ಅಮ್ಮ ಗಾರ್ಮೆಂಟ್ಸು, ಅಪ್ಪ ಗಾರೆ ಕೆಲಸ ಇಲ್ಲಾ ಪೌರಕಾರ್ಮಿಕ. 1.6 ಕಿ.ಮೀ. ಓಟ ಪಾಸಾದ್ರೆ ಸಾಕು ಅನ್ನೋ ಆಸೆ. ಅವರಲ್ಲಿ ಸುಮಾರು ಜನರ ಬಾಯಲ್ಲಿ ಒಂದೇ ಹೆಸರು, ಹಲಸೂರು ಕೆರೆ ಪಕ್ಕದ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್. ಅಲ್ಲಿಗೆ ಸೇರಿದವನ ಕೆಲಸ ಏನು ಅಂತ ಕೇಳಿದ್ರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲಬಾಂಬ್ ತೆಗೆಯೋದು, ಶತ್ರುವಿನ ತಡೆಗೋಡೆ, ಬಂಕರ್, ಮುಳ್ಳುತಂತಿ ಇದ್ದರೆ ಸಿಡಿಮದ್ದು ಇಟ್ಟು ದಾರಿ ಮಾಡೋದು. ಹಿಂದೆ ಬರೋರಿಗೆ ದಾರಿ ಆಗಬೇಕು, ಅದಕ್ಕೆ ಮೊದಲು ಇವನು ಹೋಗಬೇಕು.

ಈ ಕೆಲಸಕ್ಕೆ ನಮ್ಮೂರಿನ ಹೆಸರೇ ಇದೆ. 1912ರಲ್ಲಿ ಇದೇ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಕ್ಯಾಪ್ಟನ್ ಮೆಕ್‌ಲಿಂಟಾಕ್ ಒಂದು ಸಾಧನ ಮಾಡಿದ. ಮದ್ದು ತುಂಬಿದ ಕೊಳವೆ, ಒಂದಕ್ಕೊಂದು ಜೋಡಿಸಿ ಉದ್ದ ಮಾಡಿ ಮುಳ್ಳುತಂತಿಯ ಕೆಳಗೆ ತಳ್ಳಬಹುದು. ಅದೇ ‘ಬ್ಯಾಂಗಲೋರ್ ಟಾರ್ಪೆಡೊ’. ಎರಡು ಮಹಾಯುದ್ಧಗಳಲ್ಲೂ ಬಳಸಿದರು, 1944ರಲ್ಲಿ ನಾರ್ಮಂಡಿಯ ಕಡಲತೀರಕ್ಕೂ ಹೋಯ್ತು. ಅದರ ಮೂಲ ಲೆಕ್ಕ ನೋಡಿ: ಸಿಡಿಮದ್ದಿಗೂ ಸೈನಿಕನಿಗೂ ನಡುವೆ ಅಂತರ ಇರಲಿ, ಅವನು ಮರೆಯಲ್ಲಿ ಮಲಗಿಕೊಂಡೇ ತಳ್ಳಲಿ.

ಕ್ಯಾಪ್ಟನ್ ಹೆಸರು ಎಲ್ಲಾ ಕಡೆ ಇದೆ. ಕೊಳವೆ ಹೊತ್ತವರು ಯಾರು? ಮದ್ರಾಸ್ ಸ್ಯಾಪರ್ಸ್‌ನಲ್ಲಿ ಆ ಕಾಲಕ್ಕೆ ಪರೆಯರು ದೊಡ್ಡ ಸಂಖ್ಯೆಯಲ್ಲಿದ್ದರು, ನಮ್ಮ ಜನ. ಬ್ರಿಟಿಷರು ‘ಯುದ್ಧ ಜಾತಿ’ ಸಿದ್ಧಾಂತ ತಂದು 1890ರ ದಶಕದಲ್ಲಿ ಮಹಾರರ ನೇಮಕಾತಿ ನಿಲ್ಲಿಸಿದರು. ಆದರೆ ಅಗೆಯೋ, ಹೊರೋ, ಸಿಡಿಸೋ ದಳಕ್ಕೆ ಅಸ್ಪೃಶ್ಯ ಬೇಕಿತ್ತು. 1857ರ ಸೆಪ್ಟೆಂಬರ್ 14ರಂದು ದೆಹಲಿಯ ಕಾಶ್ಮೀರಿ ಗೇಟ್ ಸಿಡಿಸಿದಾಗಲೂ ಮದ್ದಿನ ಚೀಲ ಹೊತ್ತವರಲ್ಲಿ ಭಾರತೀಯ ಸ್ಯಾಪರ್‌ಗಳಿದ್ದರು. ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು ಬಿಳಿಯರಿಗೆ. ಭಾರತೀಯ ಸೈನಿಕರಿಗೆ ಆ ಪದಕದ ಅರ್ಹತೆ ಬಂದಿದ್ದೇ 1911ರಲ್ಲಿ. (1857ರಲ್ಲಿ ಯಾರು ಯಾರ ಪರ ಇದ್ದರು ಅನ್ನೋ ಜಗಳ ಇನ್ನೊಂದು ದಿನಕ್ಕಿರಲಿ.)

ಈಗಿನ ವಿಷಯಕ್ಕೆ ಬರ್ತೀನಿ. 2008ರಲ್ಲಿ ಮುಂಬೈನ ನಾರಿಮನ್ ಹೌಸ್‌ನಲ್ಲಿ ಎನ್‌ಎಸ್‌ಜಿ ಕಮಾಂಡೋಗಳು ಗೋಡೆ ಸಿಡಿಸಿದ್ದನ್ನ ಎಲ್ಲರೂ ಟೀವಿಯಲ್ಲಿ ನೋಡಿದ್ವಿ. ಆ ಹೊಗೆ, ಕಲ್ಲುಚೂರು ಮಾತ್ರ ಕಣ್ಣಿಗೆ ಕಾಣೋದು. ಕಾಣದೇ ಇರೋದು ಒತ್ತಡದ ಅಲೆ. ಅದು ಹೆಲ್ಮೆಟ್‌ಗೆ ನಿಲ್ಲಲ್ಲ. ಕಿವಿ, ಶ್ವಾಸಕೋಶ, ಮೆದುಳು ಎಲ್ಲವನ್ನೂ ಅಲ್ಲಾಡಿಸಿ ಹೋಗುತ್ತೆ. ಇಕ್ಕಟ್ಟಾದ ಓಣಿಯಲ್ಲಿ, ಕೋಣೆಯಲ್ಲಿ ಗೋಡೆಗೆ ಬಡಿದು ವಾಪಸ್ ಬಂದು ಇನ್ನೂ ಜೋರಾಗುತ್ತೆ. ಒಂದು ಸಲಕ್ಕೆ ಏನೂ ಆದ ಹಾಗೆ ಅನಿಸಲ್ಲ. ತರಬೇತಿಯಲ್ಲಿ ಹತ್ತಾರು ಸಲ, ಕಲಿಸೋ ಹವಾಲ್ದಾರನಿಗೆ ನೂರಾರು ಸಲ ಆಗುತ್ತೆ. ಆಮೇಲೆ ತಲೆನೋವು, ನಿದ್ದೆ ಇಲ್ಲ, ಮರೆವು, ಸುಮ್ಸುಮ್ನೆ ಸಿಟ್ಟು, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಮನೆಯವರು ಏನಂತಾರೆ? ‘ಮಿಲಿಟರಿಗೆ ಹೋಗಿ ಬಂದ್ಮೇಲೆ ಮಗ ಬದಲಾಗ್ಬಿಟ್ಟ, ಕುಡಿಯೋಕೆ ಶುರು ಮಾಡ್ದ’ ಅಂತ.

ಅಮೆರಿಕದಲ್ಲಿ ಗೋಡೆ ಸಿಡಿಸೋ ಸೈನಿಕರನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿದರು. 2024ರ ಆಗಸ್ಟ್‌ನಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಆದೇಶ ಹೊರಡಿಸಿತು. 4 ಪಿಎಸ್‌ಐ ದಾಟುವ ಒತ್ತಡಕ್ಕೆ ಒಡ್ಡುವ ಕೆಲಸವಾದರೆ ಅಂತರ ಕಾಯಬೇಕು, ಹತ್ತಿರ ನಿಲ್ಲೋರ ಸಂಖ್ಯೆ ಕಮ್ಮಿ ಮಾಡಬೇಕು, ಯಾರಿಗೆ ಎಷ್ಟು ಬಿತ್ತು ಅಂತ ಬರೆದಿಡಬೇಕು, ಸೇರುವಾಗಲೇ ಮೆದುಳಿನ ಸಾಮರ್ಥ್ಯದ ಪರೀಕ್ಷೆ ಮಾಡಿಸಿರಬೇಕು. ಕಾರಿನ ಟೈರಲ್ಲಿ 30 ಪಿಎಸ್‌ಐ ಇರುತ್ತಲ್ಲ, ನಾಲ್ಕು ಯಾವ ಲೆಕ್ಕ ಅನ್ಬೇಡಿ. ಆ ನಾಲ್ಕು ಒಂದು ಕ್ಷಣದಲ್ಲಿ ಬಂದು ತಲೆಗೆ ಬಡಿಯುತ್ತೆ. ಅಮೆರಿಕ ಏನೂ ದಯಾಮಯಿ ದೇಶ ಅಲ್ಲ. ಅಲ್ಲಿನ ಸೈನಿಕರು, ಅವರ ಹೆಂಡತಿಯರು ಹಟ ಹಿಡಿದು ಕೇಳಿದ್ದಕ್ಕೆ ಇಷ್ಟಾದರೂ ಆಯ್ತು.

ಇಲ್ಲಿ? ಸ್ಫೋಟಕಗಳ ಕಾಯ್ದೆ 1884ರದು. ಅದು ಸಶಸ್ತ್ರ ಪಡೆಗಳಿಗೆ ಅನ್ವಯಿಸಲ್ಲ. ಸೈನಿಕನ ಸುರಕ್ಷತೆಗೆ ಹೊರಗಿನ ಇನ್‌ಸ್ಪೆಕ್ಟರ್ ಇಲ್ಲ, ಯೂನಿಯನ್ ಇಲ್ಲ, ಕಟ್ಟೋಕೆ ಹಕ್ಕೂ ಇಲ್ಲ. ಹೊರಗಿನ ಕಾನೂನೇನು ಕಡಿದು ಕಟ್ಟೆ ಹಾಕಿದೆ ಅಂತೀರಾ, ಅದೂ ಸರಿನೇ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ. ಆದರೆ ಅಲ್ಲಿ ಕನಿಷ್ಠ ಎಫ್‌ಐಆರ್ ಆಯ್ತು, ಪೇಪರಲ್ಲಿ ಬಂತು.

ಇದಕ್ಕೆ ಅಗ್ನಿಪಥ್ ಸೇರಿಸಿ ನೋಡಿ. 2022ರ ಜೂನ್ 14ರಂದು ಘೋಷಣೆ. ನಾಲ್ಕು ವರ್ಷ ಸೇವೆ, ಆಮೇಲೆ ಉಳಿಸಿಕೊಳ್ಳೋದು ಹೆಚ್ಚೆಂದರೆ 25 ಪರ್ಸೆಂಟ್. ಉಳಿದವರಿಗೆ ಸುಮಾರು 11.71 ಲಕ್ಷ ಸೇವಾನಿಧಿ ಕೊಟ್ಟು ಮನೆಗೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನಮಾನ ಇಲ್ಲ. ಅಂಗವೈಕಲ್ಯಕ್ಕೆ ಒಂದೇ ಸಲದ ಪರಿಹಾರ ಇದೆ: 100, 75, 50 ಪರ್ಸೆಂಟ್‌ಗೆ 44, 25, 15 ಲಕ್ಷ. ಕಾಲು ಹೋದರೆ ಪರ್ಸೆಂಟ್ ಹಾಕಬಹುದು. ಮೆದುಳಿಗೆ ನಿಧಾನಕ್ಕೆ ಆದ ಪೆಟ್ಟು ಐದನೇ ವರ್ಷವೋ ಎಂಟನೇ ವರ್ಷವೋ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಗೇಟಲ್ಲಿ ಸೆಕ್ಯುರಿಟಿ ಡ್ರೆಸ್ ಹಾಕ್ಕೊಂಡು ನಿಂತಾಗ ಕಾಣಿಸಿಕೊಂಡರೆ? ಅದು ಸೇವೆಯಲ್ಲೇ ಆಗಿದ್ದು ಅಂತ ಇವನು ಹೇಗೆ ಸಾಬೀತು ಮಾಡ್ತಾನೆ? ಎಷ್ಟು ಸ್ಫೋಟದ ಹತ್ತಿರ ನಿಂತಿದ್ದ ಅಂತ ಇವನ ಕೈಯಲ್ಲಿ ಒಂದು ಚೀಟಿಯಾದರೂ ಇರಬೇಕಲ್ಲ!

2024ರ ಜನವರಿಯಲ್ಲಿ ರಜೌರಿಯ ನೌಶೇರಾದಲ್ಲಿ ನೆಲಬಾಂಬ್ ಸಿಡಿದು ಪಂಜಾಬಿನ ಒಬ್ಬ ಅಗ್ನಿವೀರ ತೀರಿಕೊಂಡ. ಜುಲೈನಲ್ಲಿ ಲೋಕಸಭೆಯಲ್ಲಿ ಇದೇ ಗಲಾಟೆ, ಪರಿಹಾರ ಕೊಟ್ಟಿದ್ದಾರಾ ಇಲ್ವಾ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಬದುಕಿ ವಾಪಸ್ ಬರೋರ ಕಥೆ ಆ ಗದ್ದಲದಲ್ಲಿ ಕಾಣೆಯಾಯ್ತು.

ಕಾಮೆಂಟಲ್ಲಿ ‘ಸೇನೆಯನ್ನೇ ಪ್ರಶ್ನೆ ಮಾಡ್ತೀಯಾ, ದೇಶದ್ರೋಹಿ’ ಅಂತ ಬರೆಯೋರಿಗೆ ಈಗಲೇ ಹೇಳಿಬಿಡ್ತೀನಿ. ಸೇನೆಯ ಬಾಗಿಲು ನಮಗೆ ತೆರೀಬೇಕು ಅಂತ ಹೋರಾಡಿದ್ದೇ ಬಾಬಾಸಾಹೇಬರು. 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಅದೇ ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ಹೊತ್ತಾಗ, 1943ರಲ್ಲಿ ಧನಬಾದ್ ಕಡೆಯ ಕಲ್ಲಿದ್ದಲು ಗಣಿಯೊಳಗೆ ಇಳಿದು ಕಾರ್ಮಿಕರ ಪಾಡು ನೋಡಿ ಬಂದರು. ಸೇರಿಸು ಅನ್ನೋದೂ ಅವರೇ, ಸೇರಿದವನ ಜೀವ ಕಾಪಾಡು ಅನ್ನೋದೂ ಅವರೇ. ನಾನು ನಮ್ಮ ಹುಡುಗರಿಗೆ ಸೇರಬೇಡಿ ಅಂತ ಹೇಳ್ತಿಲ್ಲ.

ಕೇಳ್ತಿರೋದು ಇಷ್ಟೇ. ಸೇರುವ ದಿನ ಒಂದು, ಬಿಡುವ ದಿನ ಒಂದು ಮೆದುಳು ಮತ್ತು ಕಿವಿಯ ಪರೀಕ್ಷೆ. ಸ್ಫೋಟಕದ ಕೆಲಸ ಮಾಡಿದ ದಿನವೆಲ್ಲ ದಾಖಲೆ, ಅದರ ಪ್ರತಿ ಹುಡುಗನ ಕೈಗೆ. ಬಿಟ್ಟ ಮೇಲೂ ಕನಿಷ್ಠ ಹದಿನೈದು ವರ್ಷ ಉಚಿತ ತಪಾಸಣೆ. ಹೊಸೂರು ರಸ್ತೆಯಲ್ಲಿ ನಮ್ಮಿಂದ ನೆಟ್ಟಗೆ ಹೋದರೆ ನಿಮ್ಹಾನ್ಸ್ ಸಿಗುತ್ತೆ, ದೇಶದಲ್ಲೇ ಹೆಸರು ಮಾಡಿದ ಮೆದುಳಿನ ಆಸ್ಪತ್ರೆ. ಅಲ್ಲಿಂದ ಹಲಸೂರಿನ ಎಂಇಜಿ ಇದೇ ಊರೊಳಗೆ. ಇವೆರಡನ್ನೂ ಜೋಡಿಸೋಕೆ ಎಷ್ಟು ದುಡ್ಡು ಬೇಕು ಸ್ವಾಮಿ?

ಮೊದಲ ಬ್ಯಾಚ್‌ನ ಹುಡುಗರು ತರಬೇತಿಗೆ ಹೋಗಿದ್ದು 2022ರ ಕೊನೆ, 2023ರ ಶುರುವಿನಲ್ಲಿ. ಅದಕ್ಕೆ ನಾಲ್ಕು ವರ್ಷ ಕೂಡಿಸಿ. ನಿಮ್ಮ ಎಂಪಿ ಓಟು ಕೇಳೋಕೋ ಫ್ಲೆಕ್ಸ್ ಕಟ್ಟಿಸೋಕೋ ಬಂದಾಗ, ಈ ಮೂರು ವಿಷಯ ಬರೆದು ಕೈಗೆ ಕೊಡಿ, ಸಹಿ ಹಾಕಿಸ್ಕೊಂಡು ಫೋಟೊ ಇಲ್ಲಿ ಕಾಮೆಂಟಲ್ಲಿ ಹಾಕಿ.

ಜೈ ಭೀಮ್.